ಬಣ್ಣದೊಳಗಿನ ಸೀಸ ಮತ್ತು ಮನೆಯ ಹೊಣೆ

(ಚೆನ್ನೈನ ಮಾಧವರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದರೆ ಪಂಪನೋ ಬಸವಣ್ಣನೋ ಬರುವುದು ವಾಡಿಕೆ. ಈ ಸಲ ದಿನನಿತ್ಯಕ್ಕೆ ತಾಗುವ ಕಾನೂನಿನ ವಿಷಯ ಒಂದನ್ನು ಎತ್ತಿಕೊಳ್ಳಿ ಎಂದು ನೀವೇ ಕೇಳಿದಿರಿ. ವಕೀಲಿಕೆಯಲ್ಲಿ ತಲೆ ನರೆಸಿಕೊಂಡ ನನಗೆ ಇದು ಅನುಕೂಲವೇ ಆಯಿತು. ಈ ಸಭೆಯಲ್ಲಿ ಮನೆ ಕಟ್ಟಿಸಿದವರಿದ್ದೀರಿ, ಬಾಡಿಗೆಗೆ ಇರುವವರಿದ್ದೀರಿ, ಬಾಡಿಗೆಗೆ ಕೊಟ್ಟವರೂ ಇದ್ದೀರಿ. ನಿಮ್ಮೆಲ್ಲರಿಗೂ ಸೇರಿದ ಒಂದು ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಮನೆಯ ಬಣ್ಣದಲ್ಲಿ ಸೀಸವಿದ್ದು, ಅದು ಮಗುವಿನ ಮೈ ಸೇರಿದರೆ, ಕಾನೂನು ಯಾರ ಕೊರಳಪಟ್ಟಿ ಹಿಡಿಯುತ್ತದೆ?

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಣ್ಣದ ಡಬ್ಬಿಗೆ ಕಾನೂನಿದೆ, ಬಣ್ಣ ಬಳಿಸಿಕೊಂಡ ಮನೆಗೆ ಇಲ್ಲ. ಆ ತೆರಪು ಮುಚ್ಚಲು ಹೊಸ ಕಾಯ್ದೆಗಾಗಿ ಬಾಯಿ ಬಿಟ್ಟುಕೊಂಡು ಕೂರಬೇಕಿಲ್ಲ. ಅಲ್ಲಲ್ಲಿ ಚದುರಿ ಬಿದ್ದಿರುವ ಕಾಯ್ದೆಗಳನ್ನು ಒಟ್ಟಿಗೆ ಓದಿದರೆ, ಹಳೆಯ ಬಣ್ಣವನ್ನು ದುಡ್ಡು ಕೊಟ್ಟು ಕೆರೆಸುವವನೇ ಮೊದಲ ಹೊಣೆಗಾರ ಎಂಬ ತತ್ತ್ವವನ್ನು ಅವುಗಳಿಂದಲೇ ಎತ್ತಬಹುದು.

1. ಸೀಸ ಮನೆ ಹೊಕ್ಕ ದಾರಿ

ಮಾಧವರಂ ಹಾಲಿನ ಕಾಲೊನಿಯ ಊರು, ಪಶುವೈದ್ಯ ವಿಶ್ವವಿದ್ಯಾಲಯದ ಊರು, ಗೋದಾಮು ಮತ್ತು ಲಾರಿಗಳ ಊರು. ಸ್ವಂತ ಪುರಸಭೆ ಇದ್ದ ಜಾಗ 2011ರಲ್ಲಿ ಚೆನ್ನೈ ಮಹಾನಗರಪಾಲಿಕೆಗೆ ಸೇರಿ ಅದರ 3ನೇ ವಲಯವಾಯಿತು. 2018ರಲ್ಲಿ ಆಂಧ್ರದ ಬಸ್ಸುಗಳಿಗೆಂದು ನಿಲ್ದಾಣ ಬಂತು. ಮೆಟ್ರೋ ಎರಡನೇ ಹಂತದ ಎರಡು ಮಾರ್ಗಗಳಿಗೆ ಇದೇ ಒಂದು ತುದಿ. ಮೆಟ್ರೋ ಬರುತ್ತದೆ ಎಂದರೆ ಹಳೆಯ ಮನೆಗಳನ್ನು ಕೆರೆದು, ಬಳಿದು, ಬಾಡಿಗೆಗೆ ಅಣಿ ಮಾಡುವ ಕೆಲಸವೂ ಹೆಚ್ಚುತ್ತದೆ. ನಮ್ಮ ವಿಷಯ ಶುರುವಾಗುವುದು ಅಲ್ಲಿಂದಲೇ.

ಬಣ್ಣಕ್ಕೆ ಸೀಸ ಬೆರೆಸುತ್ತಿದ್ದುದಕ್ಕೆ ಕಾರಣಗಳಿದ್ದವು. ಸೀಸದ ಕ್ರೋಮೇಟ್ ಹಾಕಿದರೆ ಹಳದಿ ಹೊಳೆಯುತ್ತದೆ, ಬಿಸಿಲಿಗೆ ಬೇಗ ಮಾಸುವುದಿಲ್ಲ. ಅದಕ್ಕೆ ನೀಲಿ ಸೇರಿಸಿದರೆ ಹಸಿರು. ಕಿತ್ತಳೆ, ಕೆಂಪುಗಳಲ್ಲೂ ಇದೇ ಬಳಗದ ಪುಡಿಗಳಿರುತ್ತಿದ್ದವು. ಎಣ್ಣೆ ಬಣ್ಣ ಬೇಗ ಒಣಗಲೆಂದು ಸೀಸದ ಲವಣಗಳನ್ನು ಹಾಕುತ್ತಿದ್ದರು. ಸುಣ್ಣ, ಡಿಸ್ಟೆಂಪರ್, ನೀರಿನ ಎಮಲ್ಷನ್‌ಗಳಲ್ಲಿ ಈ ಕಾಟ ಕಡಿಮೆ. ಆದ್ದರಿಂದ ಗೋಡೆಗಿಂತ ಹೆಚ್ಚು ಅನುಮಾನದಿಂದ ನೋಡಬೇಕಾದವು ಎನಾಮೆಲ್ ಬಳಿದ ಜಾಗಗಳು. ಕಿಟಕಿ, ಬಾಗಿಲು, ಗೇಟು, ಮೆಟ್ಟಿಲ ಕಂಬಿ, ಮಕ್ಕಳ ಮಂಚ, ಅಂಗನವಾಡಿಯ ಜಾರುಬಂಡೆ, ಎಲ್ಲವೂ ಮಗುವಿನ ಕೈಗೆ ಎಟುಕುವಂಥವೇ.

ಇಲ್ಲಿನ ಯಾವುದಾದರೂ ಹಳೆಯ ಮನೆಯ ಬಾಲ್ಕನಿ ಗ್ರಿಲ್ಲನ್ನು ಹತ್ತಿರ ಹೋಗಿ ನೋಡಿ. ಉಪ್ಪು ಗಾಳಿಗೆ ಕಂಬಿಯ ಬುಡ ತುಕ್ಕು ಹಿಡಿದು ಬಣ್ಣ ಗುಳ್ಳೆ ಎದ್ದಿರುತ್ತದೆ. ಉಗುರು ಹಾಕಿದರೆ ಹಕ್ಕಳೆ ಏಳುತ್ತದೆ. ಅದರ ಅಂಚನ್ನು ಬೆಳಕಿಗೆ ಹಿಡಿದರೆ ಪದರಗಳು ಕಾಣುತ್ತವೆ: ಮೇಲೆ ಈಗಿನ ಕಂದು, ಅದರಡಿ ಕೆನೆಬಣ್ಣ, ಅದರಡಿ ಗಿಳಿಹಸಿರು, ತಳದಲ್ಲಿ ಕೆಂಪು ಪ್ರೈಮರ್. ಆ ಕೆಂಪು ರೆಡ್ ಆಕ್ಸೈಡ್ ಆಗಿದ್ದರೆ ಅದು ಕಬ್ಬಿಣದ ಪುಡಿ. ರೆಡ್ ಲೆಡ್ ಆಗಿದ್ದರೆ ಸೀಸ. ಗಿಳಿಹಸಿರನ್ನು ಯಾವ ವರ್ಷ ಬಳಿದರು, ಯಾವ ಕಂಪನಿಯದು ಎಂದು ಕೇಳಿದರೆ ಈಗಿನ ಮಾಲೀಕನಿಗೂ ಗೊತ್ತಿರುವುದಿಲ್ಲ. ಮೇಲಿನ ಪದರ ಎಷ್ಟೇ ಶುದ್ಧವಾಗಿರಲಿ, ಹಕ್ಕಳೆ ಏಳುವಾಗ ನಾಲ್ಕೂ ಒಟ್ಟಿಗೇ ಏಳುತ್ತವೆ.

ಇನ್ನು ಪೊಂಗಲ್ ಹತ್ತಿರ ಬಂದಾಗ ಪೇಂಟರು ಬರುತ್ತಾನೆ. ಇಲ್ಲಿಯವರು ಉಪ್ಪುತ್ತಾಳ್ ಎನ್ನುವ ಮರಳು ಕಾಗದ ಹಿಡಿದು ಒಣಗಿದ್ದ ಹಾಗೆಯೇ ಉಜ್ಜುತ್ತಾನೆ. ದಪ್ಪ ಪದರ ಇದ್ದರೆ ಬೆಂಕಿ ತೋರಿಸಿ ಸುಡುವುದೂ ಉಂಟು. ಹಾರಿದ ಪುಡಿ ನೆಲದ ಮೇಲೆ, ಹಾಸಿಗೆಯ ಮೇಲೆ, ತೊಳೆದಿಟ್ಟ ಪಾತ್ರೆಯ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗೆ ಹಾಕುತ್ತದೆ. ಭೋಗಿಯ ಬೆಳಗ್ಗೆ ಕಿತ್ತ ಹಳೆಯ ಕಿಟಕಿ ಚೌಕಟ್ಟನ್ನು ಬೀದಿಯಲ್ಲಿ ಸುಟ್ಟರೆ ಉಳಿದದ್ದು ಹೊಗೆಯಾಗಿ, ಬೂದಿಯಾಗಿ ಇಡೀ ಬೀದಿಗೆ ಹಂಚಿಹೋಗುತ್ತದೆ.

2. ರಕ್ತ ಹೇಳುವ ಲೆಕ್ಕ

ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಊರುಗಳಲ್ಲಿ ಬೆಂಗಳೂರು ಮೊದಲ ಸಾಲಿನಲ್ಲಿದೆ ಎಂಬುದು ಕನ್ನಡಿಗರಿಗೆ ಗೊತ್ತಿರಬೇಕು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಪ್ರತಿ ಡೆಸಿಲೀಟರ್‌ಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಸಿಕ್ಕಿತು. 1999ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂತು. ಸೇಂಟ್ ಜಾನ್ಸ್‌ನಲ್ಲೇ ಮುಂದೆ ಸೀಸಕ್ಕೆಂದು ರಾಷ್ಟ್ರೀಯ ರೆಫರಲ್ ಕೇಂದ್ರವೂ ಆಯಿತು.

ಪೆಟ್ರೋಲಿನ ಸೀಸ ನಿಂತ ಮೇಲೆ ಸಮಸ್ಯೆ ಮುಗಿಯಿತೆಂದು ಎಲ್ಲರೂ ಉಸಿರು ಬಿಟ್ಟರು. ಆದರೆ ಚೆನ್ನೈನ ಶ್ರೀ ರಾಮಚಂದ್ರ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಮೆರಿಕದ ವಿದ್ವಾಂಸರ ಜತೆ ಸೇರಿ ಈ ನಗರದ ಶಾಲೆಗಳಲ್ಲಿ 3ರಿಂದ 7 ವರ್ಷದ 756 ಮಕ್ಕಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತದ ಸೀಸದ ಸರಾಸರಿ 11 ಮೈಕ್ರೋಗ್ರಾಂ ದಾಟಿತ್ತು. ಸೀಸ ಹೆಚ್ಚಿದ್ದ ಮಕ್ಕಳಲ್ಲಿ ಚಂಚಲತೆ, ಗಮನ ನಿಲ್ಲದಿರುವುದು ಹೆಚ್ಚಾಗಿರುವುದನ್ನು ಶಿಕ್ಷಕರೇ ಗುರುತಿಸಿದ್ದರು. ಪೆಟ್ರೋಲಿನಿಂದ ಹೋದ ಸೀಸ ಬೇರೆ ಬಾಗಿಲುಗಳಿಂದ ಒಳಗೆ ಬರುತ್ತಲೇ ಇತ್ತು.

ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಿ ಎಂದಿದೆ. ಅದಕ್ಕಿಂತ ಕಡಿಮೆ ಇದ್ದರೆ ನಿರಪಾಯ ಎಂದು ಎಲ್ಲೂ ಹೇಳಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ವರದಿ ಭಾರತದಲ್ಲಿ ಆ ಮಟ್ಟ ದಾಟಿದ ಮಕ್ಕಳು 27 ಕೋಟಿಗೂ ಹೆಚ್ಚು ಎಂದು ಅಂದಾಜು ಮಾಡಿತು. ಒಂದೇ ಪ್ರಮಾಣದ ಸೀಸ ನುಂಗಿದರೆ ಮಗುವಿನ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ರಕ್ತದಿಂದ ಎಲುಬಿಗೆ ಇಳಿದು ದಶಕಗಟ್ಟಲೆ ಅಲ್ಲೇ ಕೂರುತ್ತದೆ. ಹೆಣ್ಣುಮಗು ಬೆಳೆದು ಬಸುರಿಯಾದಾಗ ಎಲುಬಿನ ಸೀಸ ಮತ್ತೆ ರಕ್ತಕ್ಕೆ ಬಂದು ಹೊಟ್ಟೆಯ ಕೂಸನ್ನೂ ತಲುಪುತ್ತದೆ. ಹಾನಿ ಹೀಗೆ ನಿಧಾನವಾಗಿ, ಕಾಣದಂತೆ ನಡೆಯುವುದರಿಂದಲೇ ಕಾನೂನು ಇಲ್ಲಿ ತಡವರಿಸುತ್ತದೆ.

3. ಡಬ್ಬಿಗೆ ಬಂದ ಕಾನೂನು

2016ರ ನವೆಂಬರ್ 1ರಂದು ಕೇಂದ್ರ ಪರಿಸರ ಸಚಿವಾಲಯ, 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳ ಸೀಸದ ಬಗ್ಗೆ ನಿಯಮ ಹೊರಡಿಸಿತು. ಒಂದು ವರ್ಷದ ಗಡುವಿನ ನಂತರ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಿ ಸೀಸವಿರುವ ಬಣ್ಣವನ್ನು ತಯಾರಿಸುವುದು, ಮಾರುವುದು, ಆಮದು, ರಫ್ತು ಎಲ್ಲವೂ ನಿಷಿದ್ಧವಾಯಿತು. ಮಿತಿಯೊಳಗಿದೆ ಎಂದು ಡಬ್ಬಿಯ ಮೇಲೆ ಬರೆಯಬೇಕು. ಅಲ್ಲಿಯ ತನಕ ಭಾರತೀಯ ಮಾನಕ ಬ್ಯೂರೋದ ಮಿತಿ ಸ್ವಇಚ್ಛೆಯದಾಗಿತ್ತು; ಪಾಲಿಸಿದವರು ಪಾಲಿಸಿದರು, ಬಿಟ್ಟವರು ಬಿಟ್ಟರು.

ಅಂಕಿಯ ಅರ್ಥ ತಿಳಿಯಲು ಒಂದು ಗ್ರಾಂ ತೂಗುವ ಹಕ್ಕಳೆಯನ್ನು ತೆಗೆದುಕೊಳ್ಳಿ. 90 ಪಿಪಿಎಂ ಬಣ್ಣದ್ದಾದರೆ ಅದರಲ್ಲಿ 90 ಮೈಕ್ರೋಗ್ರಾಂ ಸೀಸ. ಹಳೆಯ ಎನಾಮೆಲ್‌ನಲ್ಲಿ ನೂರಕ್ಕೆ ಒಂದು ಪಾಲು ಸೀಸವಿದ್ದರೆ ಅದೇ ಹಕ್ಕಳೆಯಲ್ಲಿ 10,000 ಮೈಕ್ರೋಗ್ರಾಂ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಕ್ಕಳ ಆಹಾರಕ್ಕೆ ಇಟ್ಟುಕೊಂಡಿರುವ ಆಧಾರ ಮಟ್ಟ ದಿನಕ್ಕೆ 2.2 ಮೈಕ್ರೋಗ್ರಾಂ. ಪಕ್ಕಪಕ್ಕ ಇಟ್ಟು ನೋಡಿ, ಹೆಚ್ಚು ಹೇಳಬೇಕಿಲ್ಲ.

ಈ ನಿಯಮಕ್ಕೆ ಮೂರು ಮಿತಿಗಳಿವೆ. ಮೊದಲನೆಯದು, ಕೈಗಾರಿಕಾ ಬಣ್ಣಗಳು ಇದರ ಹೊರಗೆ ಉಳಿದಿವೆ. ಲಾರಿಗೂ ಗೋದಾಮಿನ ಷೆಡ್ಡಿಗೂ ಬಳಿಯುವ ಬಣ್ಣದ ಅರ್ಧ ಡಬ್ಬಿ ಮನೆಯ ಗೇಟಿಗೆ ಬಳಕೆಯಾದರೆ ತಡೆಯುವವರಿಲ್ಲ, ಅದೂ ಲಾರಿ ಗೋದಾಮುಗಳೇ ತುಂಬಿದ ಈ ಊರಿನಲ್ಲಿ. ಎರಡನೆಯದು, ಜಾರಿ. ಟಾಕ್ಸಿಕ್ಸ್ ಲಿಂಕ್‌ನಂಥ ಸಂಸ್ಥೆಗಳು ನಿಯಮ ಬಂದ ನಂತರ ಅಂಗಡಿಯಿಂದ ಡಬ್ಬಿ ಕೊಂಡು ಪರೀಕ್ಷಿಸಿದಾಗಲೂ ಮಿತಿ ಮೀರಿದ ಬಣ್ಣಗಳು ಸಿಕ್ಕಿವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. 2017ರ ಮೊದಲು ಬಳಿದು ಗೋಡೆ, ಕಿಟಕಿಗೆ ಅಂಟಿಕೊಂಡಿರುವ ಬಣ್ಣದ ಬಗ್ಗೆ ನಿಯಮ ತುಟಿ ಬಿಚ್ಚುವುದಿಲ್ಲ.

ದಂಡದ ಕಥೆಯೂ ಕೇಳಿ. 2023ರ ಜನ ವಿಶ್ವಾಸ್ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆಯ ಜೈಲು ಶಿಕ್ಷೆಯ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ತಂದಿತು. ಆ ದಂಡ ಹೋಗುವುದು ಸರ್ಕಾರದ ಪರಿಸರ ನಿಧಿಗೆ. ಸೀಸ ನುಂಗಿದ ಮಗುವಿನ ಮನೆಗೆ ಅದರಲ್ಲಿ ಬಿಡಿಗಾಸೂ ಬರುವುದಿಲ್ಲ. ಪರಿಹಾರ ಬೇಕಾದವರು ಬೇರೆ ಬಾಗಿಲು ತಟ್ಟಬೇಕು.

4. ಹೊಣೆಗಾರರ ಸಾಲು

ಒಂದೊಂದೇ ಬಾಗಿಲಿಗೆ ಹೋಗೋಣ.

ಮೊದಲು ತಯಾರಕ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗೆ ಒಂದು ಅಧ್ಯಾಯವನ್ನೇ ಇಟ್ಟಿದೆ. 2020ರ ಜುಲೈನಿಂದ ಜಾರಿಯಲ್ಲಿದೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಸರಿಯಾದ ಎಚ್ಚರಿಕೆ ಕೊಡದಿರುವುದು, ಇವುಗಳಲ್ಲಿ ಯಾವುದಿದ್ದರೂ 84ನೇ ಕಲಂ ಪ್ರಕಾರ ತಯಾರಕ ಹೊಣೆ. ಕಾಯಿಲೆ, ಗಾಯ, ಅದರ ಜತೆಗಿನ ಮಾನಸಿಕ ಯಾತನೆ, ಎಲ್ಲವೂ ಹಾನಿಯ ವ್ಯಾಖ್ಯಾನದಲ್ಲಿವೆ. ಮಗುವಿನ ಪರವಾಗಿ ತಂದೆತಾಯಿ ದೂರು ಕೊಡಬಹುದು. ಡಬ್ಬಿ ಕೊಂಡವನು ಅಪ್ಪ, ಬಳಸಿದ್ದು ಮನೆಯವರೆಲ್ಲ. ಕೊಂಡವನ ಒಪ್ಪಿಗೆಯಿಂದ ಬಳಸುವವನೂ ಗ್ರಾಹಕನೇ ಎಂಬ ಮಾತು ಇಲ್ಲಿ ಮಗುವಿನ ನೆರವಿಗೆ ಬರುತ್ತದೆ ಎಂದು ವಾದಿಸಬಹುದು. 2017ರ ನಂತರದ ಡಬ್ಬಿ, ಅದರ ರಸೀದಿ, ಬ್ಯಾಚ್ ಸಂಖ್ಯೆ, ಪ್ರಯೋಗಾಲಯದ ವರದಿ, ಇಷ್ಟಿದ್ದರೆ ಈ ದಾವೆ ಗಟ್ಟಿ. ಆದರೆ 69ನೇ ಕಲಂ ಎರಡು ವರ್ಷದ ಗಡುವು ಹಾಕಿದೆ. ಸೂಕ್ತ ಕಾರಣವಿದ್ದರೆ ಆಯೋಗ ವಿಳಂಬವನ್ನು ಮನ್ನಿಸಬಹುದು ಎಂಬುದೊಂದೇ ಸಮಾಧಾನ.

ಎರಡನೆಯವನು ಅಂಗಡಿಯವನು. ತಯಾರಕ ಯಾರೆಂದೇ ಗೊತ್ತಾಗದ ಲೋಕಲ್ ಡಬ್ಬಿ ಮಾರಿದ್ದರೆ, ಅಥವಾ ಬಣ್ಣ ಬೆರೆಸಿ ಕೊಡುವಾಗ ಅದರ ಗುಣವನ್ನೇ ಬದಲಿಸಿದ್ದರೆ, 86ನೇ ಕಲಂ ಅವನನ್ನು ನೇರವಾಗಿ ಹಿಡಿಯುತ್ತದೆ. ಬಿಲ್ ಇಲ್ಲದೆ ಕೊಂಡರೆ ಹತ್ತಿಪ್ಪತ್ತು ರೂಪಾಯಿ ಉಳಿಯಬಹುದು, ದಾವೆಯ ಬುನಾದಿ ಕುಸಿಯುತ್ತದೆ.

ಮೂರನೆಯವನು ಬಿಲ್ಡರ್. ಮನೆ ಕಟ್ಟಿಕೊಡುವುದೂ ಗ್ರಾಹಕ ಕಾಯ್ದೆಯ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಮಾನಿಸಿತು. ಮುಂದೆ 2016ರ ರೇರಾ ಕಾಯ್ದೆಯ 14ನೇ ಕಲಂ ಬಂತು. ಮನೆ ವಶಕ್ಕೆ ಬಂದ ಐದು ವರ್ಷದೊಳಗೆ ಕಾಮಗಾರಿ, ಗುಣಮಟ್ಟದ ದೋಷ ತೋರಿಸಿಕೊಟ್ಟರೆ 30 ದಿನದೊಳಗೆ ಬಿಟ್ಟಿಯಾಗಿ ಸರಿಪಡಿಸಬೇಕು. ನಿಷಿದ್ಧ ಬಣ್ಣ ಬಳಿದಿರುವುದು ಗುಣಮಟ್ಟದ ದೋಷ ಅಲ್ಲದಿದ್ದರೆ ಇನ್ನಾವುದು? ಮಾಧವರಂ ಸುತ್ತ ಏಳುತ್ತಿರುವ ಹೊಸ ಅಪಾರ್ಟ್‌ಮೆಂಟುಗಳ ಸಂಘಗಳು ಐದು ವರ್ಷ ಕಳೆಯುವ ಮೊದಲೇ ಕಿಟಕಿ, ಗ್ರಿಲ್ಲುಗಳ ಬಣ್ಣ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯವನು ಮನೆಮಾಲೀಕ. ವಿಷಯದ ತಿರುಳು ಇಲ್ಲಿದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆಗೆ ಕೊಡುವವನ ಮೇಲೆ ಒಂದು ಕರ್ತವ್ಯ ಹೊರಿಸುತ್ತದೆ. ಮನೆಯ ಬಳಕೆಗೆ ಅಡ್ಡಿಯಾಗುವ ಮುಖ್ಯ ದೋಷ ತನಗೆ ಗೊತ್ತಿದ್ದು, ಬಾಡಿಗೆಗೆ ಬರುವವನಿಗೆ ಸಾಮಾನ್ಯ ಎಚ್ಚರದಿಂದ ಕಾಣಿಸದಂಥದಾದರೆ, ಅದನ್ನು ಹೇಳಲೇಬೇಕು. ಬಣ್ಣದೊಳಗಿನ ಸೀಸ ಕಣ್ಣಿಗೆ ಕಾಣದ ದೋಷಕ್ಕೆ ಒಳ್ಳೆಯ ಉದಾಹರಣೆ. ತೊಡಕಿರುವುದು ಗೊತ್ತಿದ್ದರೆ ಎಂಬ ಷರತ್ತಿನಲ್ಲಿ. ನನಗೇನು ಗೊತ್ತಿತ್ತು ಸ್ವಾಮಿ ಎಂದು ಮಾಲೀಕ ಕೈ ಝಾಡಿಸಿಬಿಡಬಹುದು.

ತಮಿಳುನಾಡಿನಲ್ಲಿ 2019ರ ಫೆಬ್ರವರಿಯಿಂದ ಜಾರಿಯಲ್ಲಿರುವ, ಮಾಲೀಕ ಮತ್ತು ಬಾಡಿಗೆದಾರರ ಹಕ್ಕು ಹೊಣೆಗಳ 2017ರ ಕಾಯ್ದೆಯನ್ನು ಇದರ ಪಕ್ಕಕ್ಕೆ ಇಡಿ. ಯಾವ ರಿಪೇರಿ ಯಾರದು ಎಂದು ಹಂಚುವ ಅದರ ಅನುಸೂಚಿ, ಕರಾರಿನಲ್ಲಿ ಬೇರೆ ಮಾತಾಗದಿದ್ದರೆ, ಗೋಡೆಗೆ ಸುಣ್ಣಬಣ್ಣ ಬಳಿಸುವುದನ್ನೂ ಬಾಗಿಲು ಕಿಟಕಿಗೆ ಪೇಂಟ್ ಹೊಡೆಸುವುದನ್ನೂ ಮಾಲೀಕನ ಪಾಲಿಗೆ ಹಾಕುತ್ತದೆ. ಇನ್ನು ರೂಢಿ ನಿಮಗೇ ಗೊತ್ತು. ಚೆನ್ನೈನಲ್ಲಿ, ಬೆಂಗಳೂರಿನಲ್ಲಿ, ಮನೆ ಖಾಲಿ ಮಾಡುವಾಗ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಚಾರ್ಜ್ ಎಂದು ಹಿಡಿದುಕೊಳ್ಳುತ್ತಾರೆ. ದುಡ್ಡು ಬಾಡಿಗೆದಾರನದು. ಯಾವ ಬಣ್ಣ, ಯಾವ ಪೇಂಟರು, ಹಳೆಯದನ್ನು ಹೇಗೆ ಕೆರೆಯಬೇಕು ಎಂಬ ತೀರ್ಮಾನ ಮಾಲೀಕನದು.

ನಾನು ಹೇಳುವ ತತ್ತ್ವ ಹುಟ್ಟುವುದು ಈ ರೂಢಿಯಿಂದಲೇ. ಬಣ್ಣದ ಹೆಸರಿನಲ್ಲಿ ಹಣ ಹಿಡಿದು, ಬಣ್ಣದ ನಿರ್ಧಾರವನ್ನು ತನ್ನ ಕೈಯಲ್ಲಿಟ್ಟುಕೊಂಡವನು ಬಣ್ಣದ ಬಗ್ಗೆ ತನಗೆ ತಿಳಿಯದು ಎನ್ನುವಂತಿಲ್ಲ. 2017ಕ್ಕಿಂತ ಹಿಂದಿನ ಮನೆ, ಹಲವು ಪದರದ ಎನಾಮೆಲ್ ಎಂಬುದು ಅವನ ಕಣ್ಣೆದುರಿಗೇ ಇದೆ. ಇಷ್ಟಾದ ಮೇಲೂ ವಿಚಾರಿಸದೆ ಒಣ ಕೆರೆತ ಮಾಡಿಸಿದರೆ ಅದು ನಿರ್ಲಕ್ಷ್ಯ. ನಿರ್ಲಕ್ಷ್ಯಕ್ಕೆ ಪರಿಹಾರ ಕೊಡಿಸಲು ಸಿವಿಲ್ ಕೋರ್ಟಿಗೆ ಹೊಸ ಕಾಯ್ದೆ ಬೇಡ. ಇಲ್ಲಿ ಕಾಲದ ಗಡುವೂ ಮಗುವಿನ ಪರವಾಗಿದೆ. 1963ರ ಕಾಲಮಿತಿ ಕಾಯ್ದೆಯ 6 ಮತ್ತು 8ನೇ ಕಲಂಗಳಂತೆ ಅಪ್ರಾಪ್ತ ವಯಸ್ಸಿನಲ್ಲಿ ಹಾನಿಗೊಳಗಾದವನು 18 ತುಂಬಿದ ಮೇಲೂ ಮೂರು ವರ್ಷದೊಳಗೆ ದಾವೆ ಹೂಡಬಹುದು.

ಕೊನೆಯವನು ಪೇಂಟರು. ಎಲ್ಲರ ಬೆರಳೂ ಕಡೆಗೆ ಅವನ ಕಡೆಗೇ ತಿರುಗುತ್ತದೆ, ನಾನು ತಿರುಗಿಸಲಾರೆ. ಮೂಗಿಗೆ ಕರ್ಚೀಫು ಕಟ್ಟಿ ದಿನವಿಡೀ ಪುಡಿ ಕುಡಿಯುವವನು ಅವನೇ, ಸಂಜೆ ಅದೇ ಬಟ್ಟೆಯಲ್ಲಿ ತನ್ನ ಮಕ್ಕಳನ್ನು ಎತ್ತಿಕೊಳ್ಳುವವನೂ ಅವನೇ. ಸೀಸದ ವಿಷವನ್ನು ಕಸುಬಿನ ರೋಗವೆಂದು 1923ರ ಕಾರ್ಮಿಕ ಪರಿಹಾರ ಕಾಯ್ದೆಯೇ ಪಟ್ಟಿ ಮಾಡಿತ್ತು. ನೂರು ವರ್ಷದ ಹಿಂದೆ ಕಾನೂನಿಗೆ ತಿಳಿದಿದ್ದ ಸಂಗತಿ ಇದು. ಆದರೆ ಅದರ ಫಲ ಸಿಗುವುದು ಗೊತ್ತಾದ ಧಣಿಯ ಕೈಕೆಳಗೆ ಸತತವಾಗಿ ದುಡಿದವನಿಗೆ. ಇವತ್ತು ಒಂದು ಮನೆ, ನಾಳೆ ಇನ್ನೊಂದು ಮನೆ ಎಂದು ದಿನಗೂಲಿಗೆ ಹೋಗುವ ಪೇಂಟರು ಯಾವ ಧಣಿಯ ಹೆಸರು ಹೇಳಿಯಾನು?

5. ರುಜುವಾತು ಮತ್ತು ನ್ಯಾಯಮಂಡಳಿ

ಹೊಣೆಗಾರರು ಇಷ್ಟು ಮಂದಿ ಇದ್ದೂ ಮನೆಯ ಬಣ್ಣದ ಸೀಸದ ಬಗ್ಗೆ ಸುಪ್ರೀಂ ಕೋರ್ಟಿನಿಂದ ಹೆಸರು ಹಿಡಿದು ಉಲ್ಲೇಖಿಸುವಂಥ ತೀರ್ಪು ಬಂದಿಲ್ಲ. ಕಾರಣ ರುಜುವಾತು. ಮಗುವಿನ ರಕ್ತದಲ್ಲಿ ಸೀಸವಿದೆ ಎಂದು ತೋರಿಸಿದ ಕೂಡಲೇ ಎದುರು ವಕೀಲ ಏಳುತ್ತಾನೆ. ಕಾಡಿಗೆ ಹಚ್ಚಿದ್ದಿರಾ? ಕಲಬೆರಕೆ ಅರಿಸಿನ ತಿಂದಿದ್ದಿರಾ? ತವರದ ಈಯಚ್ಚೊಂಬಿನಲ್ಲಿ ರಸಂ ಕುದಿಸಿದ್ದಿರಾ? ಮನೆ ಹತ್ತಿರ ಹಳೇ ಬ್ಯಾಟರಿ ಒಡೆಯುವ ಷೆಡ್ಡಿದೆಯಾ? ಕಾರ್ಖಾನೆಗಳ ನೆರೆಯಲ್ಲಿರುವ ಉತ್ತರ ಚೆನ್ನೈನಲ್ಲಿ ಇವು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಗಳೂ ಅಲ್ಲ. ರಕ್ತದ ಸೀಸ ಒಂದೆರಡು ತಿಂಗಳಲ್ಲಿ ಇಳಿದುಬಿಡುತ್ತದೆ, ಕೆರೆದ ಪುಡಿಯನ್ನು ಅಂದೇ ಗುಡಿಸಿಬಿಡುತ್ತಾರೆ. ಸಾಕ್ಷ್ಯ ಕೈಯಲ್ಲಿ ಉಳಿಯುವುದೇ ಇಲ್ಲ.

2015ರ ಮ್ಯಾಗಿ ನೂಡಲ್ಸ್ ಗಲಾಟೆ ನೆನಪಿರಬಹುದು. ಮಿತಿ 2.5 ಪಿಪಿಎಂ, ಉತ್ತರ ಪ್ರದೇಶದ ಮಾದರಿಯೊಂದರಲ್ಲಿ 17.2 ಪಿಪಿಎಂ ಸೀಸ ಎಂಬ ವರದಿ ಬಂತು. ದೇಶಕ್ಕೆ ದೇಶವೇ ಎದ್ದು ನಿಂತಿತು. ಪ್ರಯೋಗಾಲಯಗಳ ಮಾನ್ಯತೆಯ ಪ್ರಶ್ನೆ ಎತ್ತಿ ಬಾಂಬೆ ಹೈಕೋರ್ಟ್ ಮ್ಯಾಗಿ ಮಾರಾಟದ ಮೇಲಿನ ನಿಷೇಧವನ್ನು ರದ್ದು ಮಾಡಿತು. ಗ್ರಾಹಕ ಆಯೋಗದ ಮುಂದಿನ ಸರ್ಕಾರದ ದೂರಿನಲ್ಲಿ ಮಾದರಿಗಳು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಹೋದವು. 640 ಕೋಟಿ ರೂಪಾಯಿ ಕೇಳಿದ್ದ ಆ ದೂರು 2024ರಲ್ಲಿ ವಜಾ ಆಯಿತು. ಮಾದರಿ ಯಾರು ತೆಗೆದರು, ಹೇಗೆ ತೆಗೆದರು, ಎಲ್ಲಿ ಪರೀಕ್ಷಿಸಿದರು ಎಂಬುದು ಸರಿಯಿಲ್ಲದಿದ್ದರೆ ಸರ್ಕಾರವೇ ಬಂದರೂ ದಾವೆ ನಿಲ್ಲುವುದು ಕಷ್ಟ. ಬಣ್ಣದ ಸೀಸಕ್ಕೆ ದಾವೆ ಹೂಡುವವರು ಮೊದಲು ಕಲಿಯಬೇಕಾದ ಪಾಠ ಇದು.

ಒಬ್ಬೊಬ್ಬರೇ ರುಜುವಾತಿನ ಹೊರೆ ಹೊರಲಾರದಾಗ ಒಟ್ಟಾಗಿ ಹೋಗಲು ಒಂದು ದಾರಿ ಇದೇ ಊರಿನಲ್ಲಿದೆ. ಕರ್ನಾಟಕದ ವ್ಯಾಜ್ಯಗಳನ್ನೂ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲೇ ಕೂರುತ್ತದೆ. ಬಣ್ಣದ ನಿಯಮ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದದ್ದರಿಂದ ಅದರ ಉಲ್ಲಂಘನೆಯನ್ನು ಅಲ್ಲಿಗೆ ಒಯ್ಯಬಹುದು. ನ್ಯಾಯಮಂಡಳಿಯ 2010ರ ಕಾಯ್ದೆಯ 15ನೇ ಕಲಂ ಪರಿಹಾರಕ್ಕೆ ಐದು ವರ್ಷದ ಕಾಲ ಕೊಟ್ಟಿದೆ. ಒಂಟಿ ಮನೆಯ ಅಹವಾಲಿಗೆ ಅಲ್ಲಿ ಅಷ್ಟಾಗಿ ಜಾಗವಿಲ್ಲ. ಒಂದು ವಸತಿ ಮಂಡಳಿಯ ಬಡಾವಣೆ, ಒಂದು ವಲಯದ ಅಂಗನವಾಡಿಗಳು, ಹೀಗೆ ಸಮುದಾಯಕ್ಕೆ ತಾಗಿದ ಹಾನಿಯಾದರೆ ಜಾಗವಿದೆ. ಕೆಡಿಸಿದವನೇ ದಂಡ ತೆರಬೇಕು, ಸಂಶಯವಿದ್ದಾಗ ಎಚ್ಚರದ ಕಡೆಗೇ ವಾಲಬೇಕು ಎಂಬ ಎರಡು ತತ್ತ್ವಗಳನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಈ ನೆಲದ ಕಾನೂನೆಂದು ಸಾರಿದ್ದು ತಮಿಳುನಾಡಿನ ಚರ್ಮ ಹದಗಾರಿಕೆಯ ವೆಲ್ಲೂರು ಪ್ರಕರಣದಲ್ಲಿ.

6. ಹೊರಗಿನವರು ಎಡವಿದ್ದು, ಗೆದ್ದದ್ದು

1904ರಲ್ಲೇ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ವೈದ್ಯ ಮಕ್ಕಳ ಸೀಸದ ವಿಷಕ್ಕೆ ಕಾರಣ ಮನೆಯ ವರಾಂಡದ ಬಣ್ಣ ಬಳಿದ ಕಟಾಂಜನ ಎಂದು ಬರೆದ. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ತಡೆದದ್ದು 1978ರಲ್ಲಿ. ನಡುವಿನ ಎಪ್ಪತ್ತು ವರ್ಷಗಳ ಬಣ್ಣ ಇನ್ನೂ ಅಲ್ಲಿನ ಮನೆಗಳ ಮೇಲಿದೆ.

1992ರ ಅಮೆರಿಕದ ಕಾಯ್ದೆಯಂತೆ 1978ಕ್ಕಿಂತ ಹಿಂದಿನ ಮನೆ ಮಾರುವವನು, ಬಾಡಿಗೆಗೆ ಕೊಡುವವನು ಸೀಸದ ಬಗ್ಗೆ ತನಗೆ ಗೊತ್ತಿರುವುದನ್ನು ಬರೆದುಕೊಡಬೇಕು. ತಿಳಿದೂ ಮುಚ್ಚಿಟ್ಟರೆ ನಷ್ಟದ ಮೂರು ಪಟ್ಟು ತೆರಬೇಕು. ಕೇಳಲು ಖಡಕ್ಕಾಗಿದೆ. ಆದರೆ ಪರೀಕ್ಷೆ ಮಾಡಿಸಲೇಬೇಕೆಂದು ಕಾಯ್ದೆ ಹೇಳಲಿಲ್ಲ. ಪರೀಕ್ಷಿಸದಿದ್ದರೆ ಗೊತ್ತಿರುವುದೂ ಇಲ್ಲ, ಹೇಳಬೇಕಾದ್ದೂ ಇಲ್ಲ. ನಮ್ಮ 108ನೇ ಕಲಮಿನಲ್ಲಿರುವ ತೂತು ಇದೇ. ಮ್ಯಾಸಚೂಸೆಟ್ಸ್ ರಾಜ್ಯ ಇನ್ನೊಂದು ಹಾದಿ ಹಿಡಿಯಿತು. ಆರು ವರ್ಷದೊಳಗಿನ ಮಗು ವಾಸವಿದ್ದರೆ ಸೀಸದ ಅಪಾಯ ನಿವಾರಿಸುವುದು ಮಾಲೀಕನ ಹೊಣೆ, ಗೊತ್ತಿತ್ತೋ ಇಲ್ಲವೋ ಎಂದು ಕಾನೂನು ಕೇಳುವುದಿಲ್ಲ.

ಕಂಪನಿಗಳ ವಿರುದ್ಧದ ದಾವೆಗಳ ಕಥೆಯೂ ಏರುಪೇರಿನದೇ. ರೋಡ್ ಐಲೆಂಡ್‌ನಲ್ಲಿ ಜ್ಯೂರಿ ತೀರ್ಪು ಸರ್ಕಾರದ ಪರ ಬಂದರೂ 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಕೌಂಟಿ ಮತ್ತು ನಗರಗಳು ಹಿಡಿದ ಹಟ ಬಿಡಲಿಲ್ಲ. ಅಪಾಯ ಗೊತ್ತಿದ್ದೂ ಮನೆಯೊಳಗೆ ಬಳಿಯಿರಿ ಎಂದು ಪ್ರಚಾರ ಮಾಡಿದಿರಿ ಎಂಬ ಆರೋಪದ ಮೇಲೆ ಮೂರು ಕಂಪನಿಗಳು 2019ರಲ್ಲಿ 30.5 ಕೋಟಿ ಡಾಲರಿಗೆ ರಾಜಿಯಾದವು. ದಾವೆ ಶುರುವಾದದ್ದು 2000ದಲ್ಲಿ. ಗೆಲುವಿಗೆ ಹಿಡಿದದ್ದು ಹೆಚ್ಚೂಕಡಿಮೆ ಎರಡು ದಶಕ, ಅಷ್ಟರಲ್ಲಿ ಮೊದಲ ಮಕ್ಕಳು ದೊಡ್ಡವರಾಗಿದ್ದರು. ಕೋರ್ಟಿನ ದಾರಿ ಬೇಕು, ಅದೊಂದನ್ನೇ ನಂಬಿ ಕೂತರೆ ಆಗದು ಎಂದು ನಾನು ಹೇಳುವುದು ಈ ಲೆಕ್ಕ ನೋಡಿ.

7. ನಾಳೆಯಿಂದಲೇ ಆಗುವಂಥದ್ದು

ಕಾನೂನು ಕೊಡುವ ಪರಿಹಾರ ದುಡ್ಡು. ಮಗುವಿನ ಬುದ್ಧಿಶಕ್ತಿಯಲ್ಲಿ ಆದ ಕೊರತೆಯನ್ನು ದುಡ್ಡು ತುಂಬಿಕೊಡುವುದಿಲ್ಲ. ಆದ್ದರಿಂದ ಹೊಣೆಯನ್ನು ಹಾನಿಯ ನಂತರ ಹುಡುಕುವುದಕ್ಕಿಂತ ಕೆರೆಯುವ ಮೊದಲೇ ಗೊತ್ತುಮಾಡಬೇಕು.

ಮಹಾನಗರಪಾಲಿಕೆ ತನ್ನ ಶಾಲೆ, ಅಂಗನವಾಡಿ, ಆಟದ ಮೈದಾನಗಳ ಕಿಟಕಿ, ಬೆಂಚು, ಜಾರುಬಂಡೆಗಳನ್ನು ಮರುಬಣ್ಣ ಬಳಿಸುವ ಮೊದಲು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರದಿಂದ ಪರೀಕ್ಷಿಸಬಹುದು. ಹಕ್ಕಳೆ ಎಬ್ಬಿಸದೆಯೇ ಒಳಪದರದ ಸೀಸವನ್ನು ಅದು ತಕ್ಷಣ ತೋರಿಸುತ್ತದೆ. ಟೆಂಡರಿನಲ್ಲಿ ಒಣ ಕೆರೆತ, ಬೆಂಕಿ ಹಚ್ಚಿ ಸುಡುವುದು ಎರಡನ್ನೂ ನಿಷೇಧಿಸಲು ಆಯುಕ್ತರ ಒಂದು ಆದೇಶ ಸಾಕು. ವಸತಿ ಮಂಡಳಿಗಳೂ ಇದನ್ನೇ ಮಾಡಬಹುದು. ಅವೂ ಕಾನೂನಿನ ಕಣ್ಣಿಗೆ ಮಾಲೀಕರೇ.

ಮನೆ ಮಟ್ಟದ ಕೆಲಸ ಇನ್ನೂ ಸುಲಭ. ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯಲೇ ಬೇಡಿ, ಮೇಲೆ ಹೊಸ ಪದರ ಬಳಿಸಿ ಮುಚ್ಚಿ. ಕೆರೆಯಲೇಬೇಕಾದರೆ ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ ಉಜ್ಜಿಸಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಕಡೆ ಇರಿಸಿ. ಪೇಂಟರಿಗೆ ಒಳ್ಳೆಯ ಮಾಸ್ಕ್ ಕೊಡಿಸಿ. ಅದರ ಬೆಲೆ ಒಂದು ಡಬ್ಬಿ ಎನಾಮೆಲ್‌ಗಿಂತ ಕಡಿಮೆ. ಖಾಲಿ ಡಬ್ಬಿ ಬಿಸಾಡುವ ಮೊದಲು ಅದರ ಲೇಬಲ್, ಬ್ಯಾಚ್ ಸಂಖ್ಯೆ, ಬಿಲ್ ಮೂರನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ.

ಕೊನೆಗೆ ವಕೀಲನಾಗಿ ಒಂದು ಕೋರಿಕೆ. ನಿಮ್ಮಲ್ಲಿ ಮಾಲೀಕರಾದವರು, ಬಾಡಿಗೆದಾರರಾದವರು ಮುಂದಿನ ಕರಾರು ಪತ್ರಕ್ಕೆ ಈ ಷರತ್ತು ಸೇರಿಸಿ: “ಈ ಮನೆಯ ಬಾಗಿಲು, ಕಿಟಕಿ, ಕಂಬಿಗಳಲ್ಲಿ 2017ಕ್ಕಿಂತ ಹಿಂದಿನ ಬಣ್ಣವಿದೆಯೇ ಎಂಬುದನ್ನು ಮಾಲೀಕರು ತಿಳಿಸಿದ್ದಾರೆ, ಬಣ್ಣದ ಬಾಬ್ತು ಹಣ ಹಿಡಿದುಕೊಂಡರೆ, ಹಳೆಯ ಬಣ್ಣವನ್ನು ಒದ್ದೆ ವಿಧಾನದಲ್ಲೇ ತೆಗೆಸುವ ಮತ್ತು ಸೀಸ 90 ಪಿಪಿಎಂ ಮೀರದ ಬಣ್ಣವನ್ನೇ ಬಳಿಸುವ ಹೊಣೆ ಮಾಲೀಕರದು.” ಈ ಎರಡು ಸಾಲು ಬಿದ್ದರೆ ಗೊತ್ತಿರಲಿಲ್ಲ ಎಂಬ ನೆಪಕ್ಕೆ ಜಾಗವಿರುವುದಿಲ್ಲ. 108ನೇ ಕಲಮಿನ ತೂತು ಮುಚ್ಚುತ್ತದೆ, ಹೊಣೆ ಕರಾರಿನ ಭಾಗವಾಗುತ್ತದೆ, ನಾಳೆ ನ್ಯಾಯಾಲಯದ ಮುಂದೆ ತಾಯಿಯೊಬ್ಬಳು ರಕ್ತದ ವರದಿಯ ಜತೆ ಇಡಲು ಒಂದು ಕಾಗದ ಇರುತ್ತದೆ. ಒಳ್ಳೆಯ ಮಾಲೀಕನಿಗೆ ಇದರಿಂದ ನಷ್ಟವೇನೂ ಇಲ್ಲ. ಹೇಗೂ ಬಳಿಸುವ ಬಣ್ಣವನ್ನು ಎಚ್ಚರದಿಂದ ಬಳಿಸುತ್ತಾನೆ, ಅಷ್ಟೇ. ಸಹಿ ಹಾಕಲು ಹಿಂಜರಿಯುವ ಮಾಲೀಕ ಸಿಕ್ಕರೆ, ಆ ಮನೆಯ ಬಗ್ಗೆ ಇನ್ನೊಂದು ಸಲ ಯೋಚಿಸಲು ಬಾಡಿಗೆದಾರನಿಗೆ ಅದೇ ಸಾಕಷ್ಟು ಕಾರಣ.